ಹಾಲು ಕುಡಿಯುವಾಗ ಕೂಸಿನ ಹಣೆ ಬೆವರಿದರೆ: ಮಕ್ಕಳ ಹೃದ್ರೋಗವನ್ನು ಸಕಾಲದಲ್ಲಿ ಗುರುತಿಸುವ ಬಗೆ

ಹಸುಗೂಸಿನ ಹೃದಯದಲ್ಲಿ ತೊಂದರೆ ಇದ್ದರೆ ಅದರ ಸುಳಿವು ಮೊದಲು ಸಿಗುವುದು ಹಾಲೂಡಿಸುವ ತಾಯಿಗೆ. ದೊಡ್ಡವರಂತೆ ಕೂಸು ಎದೆ ಹಿಡಿದುಕೊಂಡು ನೋವು ಹೇಳಿಕೊಳ್ಳುವುದಿಲ್ಲ. ನಡೆದು, ಮೆಟ್ಟಿಲು ಹತ್ತಿ ಏದುಸಿರು ಬಿಡುವ ವಯಸ್ಸೂ ಅದರದಲ್ಲ. ಮೊದಲ ಕೆಲವು ತಿಂಗಳು ಅದು ಮಾಡುವ ಅತಿ ದೊಡ್ಡ ದುಡಿಮೆಯೆಂದರೆ ಹಾಲು ಚೀಪುವುದು, ಆದ್ದರಿಂದ ಹೃದಯದ ಶಕ್ತಿ ಸಾಲದೆ ಹೋದರೆ ಅದು ಬಯಲಾಗುವುದೂ ಅಲ್ಲಿಯೇ. ಹಸಿವಿನಿಂದ ಅತ್ತು ಮೊಲೆಗೆ ಬಾಯಿ ಹಾಕಿದ ಕೂಸು ಎರಡು ಮೂರು ನಿಮಿಷ ಚೀಪಿ ಬಿಟ್ಟುಬಿಡುತ್ತದೆ, ಮೇಲುಸಿರು ಬಿಡುತ್ತದೆ, ಹಣೆಯ ಮೇಲೂ ಮೇಲ್ದುಟಿಯ ಮೇಲೂ ಬೆವರ ಹನಿಗಳು ಮೂಡುತ್ತವೆ, ದಣಿದು ನಿದ್ದೆ ಹೋಗುತ್ತದೆ, ಹೊಟ್ಟೆ ತುಂಬಿರದ ಕಾರಣ ಸ್ವಲ್ಪ ಹೊತ್ತಿಗೇ ಎದ್ದು ಮತ್ತೆ ಅಳುತ್ತದೆ. ದಿನಕ್ಕೆ ಹಲವು ಸಲ ಹೀಗಾಗುತ್ತಿದ್ದರೆ ಆ ಕೂಸನ್ನು ಮಕ್ಕಳ ವೈದ್ಯರು ನೋಡಲೇಬೇಕು.

ಕೋಲಾರದ ಕಡೆಯ ಮನೆಗಳಲ್ಲಿ ಈ ಸುಳಿವು ಕಣ್ಣೆದುರಿಗಿದ್ದೂ ತಪ್ಪಿಹೋಗುವುದಕ್ಕೆ ಕಾರಣಗಳಿವೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿರುತ್ತದೆ, ಕೂಸಿಗೆ ಉಲನ್ ಟೋಪಿ ಹಾಕಿ ಮೈತುಂಬ ಬಟ್ಟೆ ಸುತ್ತಿರುತ್ತಾರೆ, ನೀರೆರೆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿದಿರುತ್ತಾರೆ. ಹಣೆ ಬೆವರಿದರೆ ಸೆಕೆಗೆ ಎಂದುಕೊಳ್ಳುವುದು ಸಹಜ. ಆದರೆ ಟೋಪಿ ತೆಗೆದ ಮೇಲೆ, ಬೆಳಗಿನ ಜಾವದ ತಂಪಿನಲ್ಲಿ, ಹಾಲು ಕುಡಿಯುವಾಗಲೆಲ್ಲ ಬೆವರುತ್ತಿದ್ದರೆ ಅದಕ್ಕೆ ಸೆಕೆ ಕಾರಣವಲ್ಲ. ಇನ್ನು ಕೂಸು ಪದೇ ಪದೇ ಅತ್ತರೆ, ತೂಕ ಏರದಿದ್ದರೆ, ತಾಯಿಗೆ ಹಾಲು ಸಾಲದು ಎಂದು ಮನೆಯವರೂ ನೆರೆಯವರೂ ತೀರ್ಮಾನಿಸಿ ಹಸುವಿನ ಹಾಲನ್ನೋ ಡಬ್ಬಿ ಹಾಲನ್ನೋ ಶುರುಮಾಡಿಬಿಡುತ್ತಾರೆ. ಹೆತ್ತು ಇನ್ನೂ ತಿಂಗಳಾಗಿರದ ಹೆಣ್ಣುಮಗಳ ಮೇಲೆ ಹೊರಿಸುವ ಈ ಆಪಾದನೆ ಅನ್ಯಾಯದ್ದು ಮಾತ್ರವಲ್ಲ, ಅದು ಕಾಯಿಲೆಯನ್ನು ಮುಚ್ಚಿಡುತ್ತದೆ ಕೂಡ.

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ 8ರಿಂದ 10 ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಮಕ್ಕಳು ಹೀಗೆ ಹುಟ್ಟುತ್ತಾರೆಂದು ಅಂದಾಜಿದ್ದು, ಅವರಲ್ಲಿ ಐದರಲ್ಲೊಂದು ಪಾಲಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕಾಗುವಷ್ಟು ದೋಷ ದೊಡ್ಡದಿರುತ್ತದೆ. ವರ್ಷಕ್ಕೆ ಸಾವಿರ ಹೆರಿಗೆ ನಡೆಯುವ ಒಂದು ತಾಲ್ಲೂಕು ಆಸ್ಪತ್ರೆಯಿಂದ ಇಂಥ ಎಂಟು ಹತ್ತು ಕೂಸುಗಳು ಮನೆಗೆ ಹೋಗುತ್ತವೆ ಎಂದರೆ ಇದನ್ನು ಅಪರೂಪದ ಕಾಯಿಲೆ ಎನ್ನಲಾಗದು. ಮಕ್ಕಳ ಹೃದ್ರೋಗದ ವಿಚಾರದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮುಖ್ಯ ಸಂಗತಿಯೆಂದರೆ ಒಂದೊಂದು ದೋಷಕ್ಕೂ ಒಂದೊಂದು ಗಡುವಿದೆ: ಕೆಲವಕ್ಕೆ ದಿನಗಳು, ಕೆಲವಕ್ಕೆ ತಿಂಗಳುಗಳು, ಕೆಲವಕ್ಕೆ ವರ್ಷಗಳು. ಆ ಗಡುವು ಏಕೆ ಬರುತ್ತದೆಂದು ತಿಳಿಯಲು ಗರ್ಭದಲ್ಲಿರುವ ಶಿಶುವಿನ ರಕ್ತಸಂಚಾರವನ್ನು ಸ್ವಲ್ಪ ಅರಿತುಕೊಳ್ಳಬೇಕು.

ಹೃದಯಕ್ಕೆ ನಾಲ್ಕು ಕೋಣೆಗಳು. ಬಲಭಾಗದ ಎರಡು ಕೋಣೆಗಳು ಮೈಯಿಂದ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತವೆ, ಎಡಭಾಗದವು ಅಲ್ಲಿಂದ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಮಹಾಪಧಮನಿಯ ಮೂಲಕ ಮೈಗೆ ಕಳಿಸುತ್ತವೆ. ಗರ್ಭದಲ್ಲಿ ಶಿಶು ಉಸಿರಾಡುವುದಿಲ್ಲ; ಆಮ್ಲಜನಕ ಬರುವುದು ಮಾಸಿನಿಂದ. ಹಾಗಾಗಿ ರಕ್ತ ಶ್ವಾಸಕೋಶವನ್ನು ಬಹುಪಾಲು ತಪ್ಪಿಸಿಕೊಂಡು ಹೋಗಲು ಎರಡು ಅಡ್ಡದಾರಿಗಳಿರುತ್ತವೆ. ಒಂದು, ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ. ಇನ್ನೊಂದು, ಶ್ವಾಸಕೋಶದ ಅಪಧಮನಿಗೂ ಮಹಾಪಧಮನಿಗೂ ನಡುವೆ ಇರುವ ಚಿಕ್ಕ ನಾಳ. ಹುಟ್ಟಿ ಮೊದಲ ಉಸಿರೆಳೆದ ಮೇಲೆ ಈ ನಾಳ ಕುಗ್ಗತೊಡಗಿ ಎರಡು ಮೂರು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆರೋಗ್ಯವಂತ ಕೂಸಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಮಹಾಪಧಮನಿ ಒಂದು ಕಡೆ ತೀರಾ ಕಿರಿದಾಗಿರುವ, ಶ್ವಾಸಕೋಶಕ್ಕೆ ಹೋಗುವ ಕವಾಟವೇ ಮುಚ್ಚಿಕೊಂಡಿರುವ ಅಥವಾ ಎರಡು ಮಹಾನಾಳಗಳೂ ಅದಲುಬದಲಾಗಿ ಹುಟ್ಟಿಕೊಂಡಿರುವ ಹೃದಯದಲ್ಲಿ ಕೂಸಿನ ಜೀವ ನಿಂತಿರುವುದೇ ಆ ಚಿಕ್ಕ ನಾಳದ ಮೇಲೆ. ಹುಟ್ಟಿದಾಗ ಚೆನ್ನಾಗಿ ಅತ್ತು, ಹಾಲು ಕುಡಿದು, ಡಿಸ್ಚಾರ್ಜ್ ಆಗಿ ಮನೆಗೆ ಬಂದ ಕೂಸು ನಾಲ್ಕನೆಯ ದಿನವೋ ಎಂಟನೆಯ ದಿನವೋ ಇದ್ದಕ್ಕಿದ್ದಂತೆ ಬೂದುಬಣ್ಣಕ್ಕೆ ತಿರುಗಿ, ಹಾಲು ಬಿಟ್ಟು, ಕೈಕಾಲು ತಣ್ಣಗಾಗಿ, ಮೇಲುಸಿರು ಬಿಡತೊಡಗುವುದಕ್ಕೆ ನಾಳ ಮುಚ್ಚಿಕೊಂಡದ್ದು ಒಂದು ಕಾರಣವಾಗಿರಬಹುದು. ಇದು ಗಂಟೆಗಳ ಲೆಕ್ಕದ ತುರ್ತು. ದೃಷ್ಟಿ ತೆಗೆಸುತ್ತ, ಬಾಲಗ್ರಹಕ್ಕೆ ತಾಯಿತ ಕಟ್ಟಿಸುತ್ತ ಒಂದು ರಾತ್ರಿ ಕಾದರೂ ಕೂಸು ಉಳಿಯದೆ ಹೋಗಬಹುದು. ಆಸ್ಪತ್ರೆ ತಲುಪಿದರೆ ಪ್ರೊಸ್ಟಗ್ಲಾಂಡಿನ್ ಎಂಬ ಔಷಧಿಯನ್ನು ಡ್ರಿಪ್ ಮೂಲಕ ಕೊಟ್ಟು ಆ ನಾಳವನ್ನು ಮತ್ತೆ ತೆರೆದಿಟ್ಟು, ಶಸ್ತ್ರಚಿಕಿತ್ಸೆಯವರೆಗೆ ಕೂಸನ್ನು ಕಾಪಾಡಲು ಸಾಧ್ಯವಿದೆ. ಮಹಾನಾಳಗಳು ಅದಲುಬದಲಾಗಿರುವ ಹೃದಯದಲ್ಲಿ ಅವನ್ನು ಸ್ವಸ್ಥಾನಕ್ಕೆ ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೊದಲ ಎರಡು ಮೂರು ವಾರದೊಳಗೆ ಮಾಡುತ್ತಾರೆ, ಏಕೆಂದರೆ ತಡವಾದಷ್ಟೂ ಎಡಗೋಡೆ ಮೈಗೆಲ್ಲ ರಕ್ತ ನೂಕುವ ಕಸುವನ್ನು ಕಳೆದುಕೊಳ್ಳುತ್ತದೆ.

ಇಂಥ ಕೂಸುಗಳಲ್ಲಿ ಅನೇಕವನ್ನು ಮನೆಗೆ ಕಳಿಸುವ ಮೊದಲೇ ಹಿಡಿಯಬಲ್ಲ ಪರೀಕ್ಷೆಯೊಂದಿದೆ. ಹುಟ್ಟಿ 24 ಗಂಟೆಯಾದ ಮೇಲೆ ಪಲ್ಸ್ ಆಕ್ಸಿಮೀಟರಿನ ಮೆತ್ತನೆಯ ಪಟ್ಟಿಯನ್ನು ಕೂಸಿನ ಬಲಗೈಗೆ ಒಮ್ಮೆ, ಒಂದು ಪಾದಕ್ಕೆ ಒಮ್ಮೆ ಸುತ್ತುತ್ತಾರೆ. ಕೆಂಪು ದೀಪ ಹೊತ್ತಿಕೊಂಡು, ಕೂಸು ಕಾಲಾಡಿಸುವುದನ್ನು ನಿಲ್ಲಿಸಿದ ಮೇಲೆ ಅಂಕಿ ಸ್ಥಿರವಾಗುತ್ತದೆ. ಕೈಯಲ್ಲೂ ಕಾಲಲ್ಲೂ ಆಮ್ಲಜನಕದ ಪ್ರಮಾಣ ಶೇ. 95 ಅಥವಾ ಹೆಚ್ಚಿದ್ದು, ಎರಡರ ನಡುವಿನ ವ್ಯತ್ಯಾಸ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸರಿ. 90ಕ್ಕಿಂತ ಕಡಿಮೆ ಇದ್ದರೆ ತಕ್ಷಣ ತಜ್ಞರು ನೋಡಬೇಕು. ನಡುವಿನ ಅಂಕಿಗಳಿದ್ದರೆ ಒಂದು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ಸೂಜಿಯಿಲ್ಲ, ನೋವಿಲ್ಲ, ಐದು ನಿಮಿಷದ ಕೆಲಸ. ಕಣ್ಣಳತೆಯನ್ನು ನಂಬಿ ಕೂರಬಾರದು, ಏಕೆಂದರೆ ಆಮ್ಲಜನಕ 90ರ ಆಸುಪಾಸಿಗೆ ಇಳಿದಿದ್ದರೂ ನಮ್ಮ ಮಕ್ಕಳ ಮೈಬಣ್ಣದಲ್ಲಿ ನೀಲಿ ಗೊತ್ತಾಗುವುದಿಲ್ಲ. ಮೊದಲ ದಿನಗಳಲ್ಲಿ ಅಂಗೈ ಅಂಗಾಲು ಕೊಂಚ ನೀಲಿಯಾಗಿರುವುದು ಸಾಮಾನ್ಯ. ನಾಲಿಗೆ ಮತ್ತು ವಸಡು ನೀಲಿಯಾಗಿದ್ದರೆ ಅದು ಅಪಾಯದ ಗುರುತು. ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಆಗಿದೆಯೇ ಎಂದು ಕೇಳುವುದು ತಂದೆ ತಾಯಿಯ ಹಕ್ಕು. ವೈದ್ಯರು ತೊಡೆಯ ಸಂದಿನಲ್ಲಿ ನಾಡಿ ಮುಟ್ಟಿ ನೋಡುವುದೂ ಅಷ್ಟೇ ಮುಖ್ಯ. ಕೈಯ ನಾಡಿ ಚೆನ್ನಾಗಿದ್ದು ತೊಡೆಯದು ಸಿಗದಿದ್ದರೆ ಮಹಾಪಧಮನಿ ಕಿರಿದಾಗಿರುವ ಸಂಶಯ ಬರುತ್ತದೆ, ಅದನ್ನು ಆಕ್ಸಿಮೀಟರ್ ಕೆಲವೊಮ್ಮೆ ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷವೆಂದರೆ ಜನ ‘ಹೃದಯದಲ್ಲಿ ತೂತು’ ಎನ್ನುವುದು. ಅದರಲ್ಲೂ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯ ರಂಧ್ರ. ಈ ರಂಧ್ರ ದೊಡ್ಡದಾಗಿದ್ದರೂ ಹುಟ್ಟಿದ ವಾರದಲ್ಲಿ ಕೂಸು ಆರಾಮವಾಗಿಯೇ ಇರುತ್ತದೆ, ವೈದ್ಯರು ಸ್ಟೆತೊಸ್ಕೋಪ್ ಇಟ್ಟರೂ ಸದ್ದು ಕೇಳದಿರಬಹುದು. ಇದರ ಕಾರಣ ಹೊಲಗದ್ದೆಯ ಕೆಲಸ ಬಲ್ಲವರಿಗೆ ಬೇಗ ತಿಳಿಯುತ್ತದೆ: ಅಕ್ಕಪಕ್ಕದ ಎರಡು ಗದ್ದೆಗಳ ನಡುವಿನ ಬದು ಒಡೆದಿದ್ದರೂ ಎರಡರಲ್ಲೂ ನೀರಿನ ಮಟ್ಟ ಒಂದೇ ಇರುವ ತನಕ ನೀರು ಹರಿಯದು, ಒಂದರ ಮಟ್ಟ ಇಳಿದಾಗ ಮಾತ್ರ ನುಗ್ಗುತ್ತದೆ. ಹುಟ್ಟಿದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿದ್ದು ಬಲಭಾಗದ ಒತ್ತಡ ಎಡಭಾಗದಷ್ಟೇ ಇರುತ್ತದೆ. ನಾಲ್ಕರಿಂದ ಎಂಟು ವಾರಗಳಲ್ಲಿ ಆ ನಾಳಗಳು ಸಡಿಲಗೊಂಡಂತೆ ಎಡದಿಂದ ಬಲಕ್ಕೆ ರಕ್ತ ನುಗ್ಗಿ ಶ್ವಾಸಕೋಶ ತುಂಬಿಕೊಳ್ಳುತ್ತದೆ. ಆಗ ಶುರುವಾಗುತ್ತದೆ ಹಾಲು ಕುಡಿಯುವಾಗಿನ ದಣಿವು, ಬೆವರು, ಪಕ್ಕೆ ಒಳಕ್ಕೆಳೆಯುವ ಉಸಿರಾಟ, ಮತ್ತೆ ಮತ್ತೆ ನ್ಯುಮೋನಿಯಾ.

ನಮ್ಮ ಕಡೆ ಈ ನಾಲ್ಕರಿಂದ ಎಂಟನೆಯ ವಾರ ಕೂಸಿನ ಮೇಲೆ ನಿಗಾ ಸಡಿಲವಾಗುವ ಕಾಲವೂ ಹೌದು. ಮುಳಬಾಗಿಲಿಗೆ ಮದುವೆ ಮಾಡಿಕೊಟ್ಟ ಮಗಳು ಬಾಣಂತನಕ್ಕೆ ಶ್ರೀನಿವಾಸಪುರದ ತವರಿಗೆ ಬಂದಿರುತ್ತಾಳೆ. ಹೆರಿಗೆಯಾದದ್ದು ಒಂದು ಕಡೆ, ತಾಯಿ ಕಾರ್ಡ್ ಮಾಡಿಸಿದ್ದು ಇನ್ನೊಂದು ಕಡೆ, ಮೂರೋ ಐದೋ ತಿಂಗಳಿಗೆ ಕೂಸು ಹೋಗುವುದು ಮತ್ತೊಂದು ಕಡೆ. ಆಶಾ ಕಾರ್ಯಕರ್ತೆ ನವಜಾತ ಶಿಶುವನ್ನು ನೋಡಲು ಮನೆಗೆ ಬರುವ ಭೇಟಿಗಳು 42ನೆಯ ದಿನಕ್ಕೆ ಮುಗಿಯುತ್ತವೆ, ಮುಂದಿನ ಸರದಿಯ ಭೇಟಿ ಮೂರನೆಯ ತಿಂಗಳಿಗೆ. ದೊಡ್ಡ ರಂಧ್ರದ ಕೂಸು ಸೊರಗತೊಡಗುವುದು ಸರಿಯಾಗಿ ಈ ಎರಡರ ನಡುವೆ. ಈ ತೆರಪನ್ನು ತುಂಬಲು ಈಗಾಗಲೇ ಇರುವ ಒಂದು ಅವಕಾಶವೆಂದರೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಚುಚ್ಚುಮದ್ದು. ಚುಚ್ಚುಮದ್ದಿಗೆ ಹೋದಾಗಲೆಲ್ಲ ತೂಕ ಹಾಕಿಸಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು, ಕೂಸಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಲು ಹೇಳಬೇಕು. ಹುಟ್ಟಿದಾಗಿನ ತೂಕವನ್ನು ಎರಡು ವಾರದೊಳಗೆ ಮರಳಿ ಪಡೆದ ಕೂಸು ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ತಿಂಗಳಿಗೆ ಅರ್ಧ ಕಿಲೋ ಕೂಡ ಏರದಿದ್ದರೆ ಕಾರಣ ಹುಡುಕಬೇಕು. ಉಸಿರನ್ನು ಮನೆಯಲ್ಲಿಯೂ ಎಣಿಸಬಹುದು: ಕೂಸು ಮಲಗಿರುವಾಗ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಗಡಿಯಾರ ನೋಡುತ್ತ, ಹೊಟ್ಟೆ ಏರಿದ್ದನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ನೆಗಡಿ, ಜ್ವರ ಇಲ್ಲದೆಯೂ ಉಸಿರು ಹೀಗೆ ಓಡುತ್ತಿದ್ದರೆ ಹೃದಯವನ್ನು ನೋಡಿಸಬೇಕು.

ಎಲ್ಲ ರಂಧ್ರಗಳಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಗೋಡೆಯ ಮಾಂಸಲ ಭಾಗದ ಸಣ್ಣ ರಂಧ್ರಗಳಲ್ಲಿ ಹೆಚ್ಚಿನವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ವಿಚಿತ್ರವೆಂದರೆ ಜೋರಾಗಿ ಸದ್ದು ಮಾಡುವವೂ ಅನೇಕ ಸಲ ಇಂಥ ಸಣ್ಣವೇ. ಮೇಲಿನ ಕೋಣೆಗಳ ನಡುವಿನ ರಂಧ್ರ ವರ್ಷಗಟ್ಟಲೆ ತೊಂದರೆ ಕೊಡದಿರಬಹುದು, ಅದನ್ನು ಮೂರು ನಾಲ್ಕು ವರ್ಷದ ಹೊತ್ತಿಗೆ ತೊಡೆಯ ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಕೊಡೆಯಂತೆ ಬಿಚ್ಚಿಕೊಳ್ಳುವ ಸಾಧನವಿಟ್ಟು, ಎದೆ ತೆರೆಯದೆಯೇ ಮುಚ್ಚಲು ಬಹಳಷ್ಟು ಮಕ್ಕಳಲ್ಲಿ ಆಗುತ್ತದೆ. ಆದರೆ ಕೆಳಗೋಡೆಯ ದೊಡ್ಡ ರಂಧ್ರವನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ಮುಚ್ಚಬೇಕಾಗುತ್ತದೆ. ಇಲ್ಲಿಯೇ ಮನೆಯವರನ್ನು ದಾರಿ ತಪ್ಪಿಸುವ ಒಂದು ಘಟ್ಟ ಬರುತ್ತದೆ. ಹೆಚ್ಚು ರಕ್ತದ ಹೊಡೆತ ತಿನ್ನುತ್ತಲೇ ಇದ್ದ ಶ್ವಾಸಕೋಶದ ನಾಳಗಳು ಕ್ರಮೇಣ ದಪ್ಪಗಟ್ಟಿ ಬಿಗಿಯಾಗುತ್ತವೆ, ಆಗ ಅತ್ತ ನುಗ್ಗುವ ರಕ್ತ ಕಡಿಮೆಯಾಗುತ್ತದೆ, ಮಗುವಿನ ಉಸಿರು ಹಗುರಾಗುತ್ತದೆ, ಕೆಮ್ಮು ನಿಲ್ಲುತ್ತದೆ, ಮೈ ಕೈ ತುಂಬಿಕೊಳ್ಳುತ್ತದೆ. ಹರಕೆ ಫಲಿಸಿತು, ಆಪರೇಷನ್ ಬೇಕಾಗಲಿಲ್ಲ ಎಂದು ಮನೆಯವರು ನೆಮ್ಮದಿಯಾಗುವುದು ಈ ಹೊತ್ತಿನಲ್ಲಿ. ನಿಜದಲ್ಲಿ ರೋಗ ಕೈಮೀರುತ್ತಿರುತ್ತದೆ. ನಾಳಗಳ ಬಿಗಿತ ಒಂದು ಹಂತ ದಾಟಿದ ಮೇಲೆ ರಕ್ತ ಹಿಮ್ಮುಖವಾಗಿ ಹರಿಯತೊಡಗಿ ಮಗು ನೀಲಿಯಾಗುತ್ತದೆ, ಆ ಮೇಲೆ ರಂಧ್ರವನ್ನು ಮುಚ್ಚಿದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ದೊಡ್ಡ ರಂಧ್ರವೆಂದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಗೊತ್ತಾದ ಮಗು ಚಿಕಿತ್ಸೆಯಿಲ್ಲದೆ ತಾನಾಗಿ ಸುಧಾರಿಸಿದರೆ ಸಂತೋಷಪಡುವ ಬದಲು ಮತ್ತೊಮ್ಮೆ ಎಕೋ ಮಾಡಿಸಬೇಕು.

ಹುಟ್ಟಿನಿಂದಲೇ ಅಥವಾ ಕೆಲವು ತಿಂಗಳಲ್ಲಿ ನೀಲಿಯಾಗುವ ಮಕ್ಕಳದು ಬೇರೆ ಬಗೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಫ್ಯಾಲೋಟನ ಚತುರ್ದೋಷ: ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು, ಮಹಾಪಧಮನಿ ರಂಧ್ರದ ಮೇಲೆ ಸವಾರಿ, ಬಲಗೋಡೆ ದಪ್ಪ. ಇಂಥ ಮಗು ಬೆಳಗ್ಗೆ ಎದ್ದಾಗಲೋ ಜೋರಾಗಿ ಅತ್ತಾಗಲೋ ಇದ್ದಕ್ಕಿದ್ದಂತೆ ಕಡುನೀಲಿಯಾಗಿ, ಆಳವಾಗಿ ವೇಗವಾಗಿ ಉಸಿರೆಳೆದು, ಕುತ್ತಿಗೆ ಸೋತು ಜೋಲುಬೀಳಬಹುದು. ಇದನ್ನು ಫಿಟ್ಸ್ ಎಂದು ತಿಳಿದು ಕೈಗೆ ಕಬ್ಬಿಣ ಕೊಡುವುದು, ಮುಖಕ್ಕೆ ನೀರೆರಚುವುದು, ಈರುಳ್ಳಿ ಮೂಸಿಸುವುದು ಮಗುವಿನ ಗಾಬರಿಯನ್ನು ಹೆಚ್ಚಿಸುತ್ತದೆ ಅಷ್ಟೇ. ಮಾಡಬೇಕಾದದ್ದು ಇದು: ಮಗುವನ್ನು ಹೆಗಲಿಗೆ ಆನಿಸಿಕೊಂಡು ಅಥವಾ ಮಡಿಲಲ್ಲಿ ಅಂಗಾತ ಮಲಗಿಸಿ, ಎರಡೂ ಮೊಣಕಾಲನ್ನು ಮಡಚಿ ಅದರ ಎದೆಗೆ ಒತ್ತಿ ಹಿಡಿಯಬೇಕು, ಸುತ್ತ ಜನ ಸೇರಲು ಬಿಡದೆ ಮೆಲ್ಲನೆ ಸಮಾಧಾನಪಡಿಸಬೇಕು, 108ಕ್ಕೆ ಕರೆಮಾಡಬೇಕು. ಕಾಲು ಮಡಚಿದಾಗ ಮೈಯ ರಕ್ತನಾಳಗಳಲ್ಲಿ ಒತ್ತಡ ಏರಿ ಶ್ವಾಸಕೋಶದ ಕಡೆಗೆ ರಕ್ತ ಹೆಚ್ಚು ಹೋಗುತ್ತದೆ. ಸ್ವಲ್ಪ ದೊಡ್ಡ ಮಕ್ಕಳು ಆಟದ ನಡುವೆ ತಾವಾಗಿಯೇ ಕುಕ್ಕುರುಗಾಲಲ್ಲಿ ಕೂತುಬಿಡುವುದು ಇದೇ ಉಪಾಯವನ್ನು ದೇಹ ಕಂಡುಕೊಂಡದ್ದರಿಂದ. ಅಂಗನವಾಡಿಯಲ್ಲಿ ಹೀಗೆ ಪದೇ ಪದೇ ಕೂರುವ ಮಗುವನ್ನು ಸೋಮಾರಿ ಎನ್ನುವ ಮೊದಲು ಅದರ ನಾಲಿಗೆ, ಉಗುರು ನೋಡಬೇಕು. ಈ ಮಕ್ಕಳಿಗೆ ರಕ್ತಹೀನತೆ ಮತ್ತು ನಿರ್ಜಲತೆ ಎರಡೂ ಅಪಾಯಕಾರಿ. ಬೇಸಗೆಯಲ್ಲಿ ವಾಂತಿ ಭೇದಿಯಾದರೆ ಓಆರ್‌ಎಸ್ ಕುಡಿಸುತ್ತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪೂರ್ಣ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೆ ಮಾಡುತ್ತಾರೆ.

ಗರ್ಭಿಣಿ ಗ್ರಹಣ ನೋಡಿದ್ದರಿಂದ, ಏನನ್ನೋ ತಿಂದದ್ದರಿಂದ ಹೃದಯದಲ್ಲಿ ತೂತು ಬೀಳುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ತಾಯಿಗೆ ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ, ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಸೋಂಕು, ಮೂರ್ಛೆರೋಗದ ಕೆಲವು ಮಾತ್ರೆಗಳು, ಮದ್ಯ, ಡೌನ್ ಸಿಂಡ್ರೋಮಿನಂಥ ವರ್ಣತಂತು ದೋಷಗಳು ಅಪಾಯವನ್ನು ಹೆಚ್ಚಿಸುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷವಿರುವುದರಿಂದ ಅವರಿಗೆಲ್ಲ ಎಕೋ ಆಗಲೇಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಸಂಬಂಧಗಳಲ್ಲಿಯೂ ಅಪಾಯ ತುಸು ಹೆಚ್ಚು ಎಂಬುದನ್ನು, ಯಾರ ಮನಸ್ಸನ್ನೂ ನೋಯಿಸದೆ, ಹೇಳಲೇಬೇಕು. ರುಬೆಲ್ಲಾ ತಡೆಯುವ ಲಸಿಕೆ 2017ರಲ್ಲಿ ಕರ್ನಾಟಕದಲ್ಲಿ ದೊಡ್ಡ ಅಭಿಯಾನವಾಗಿ ಶುರುವಾಗಿ ಈಗ ಒಂಬತ್ತನೆಯ ತಿಂಗಳಿನಲ್ಲಿ ಮತ್ತು ಒಂದೂವರೆ ವರ್ಷದ ಹೊತ್ತಿಗೆ ಎಲ್ಲ ಮಕ್ಕಳಿಗೂ ಸಿಗುತ್ತಿದೆ. ಗರ್ಭದ 18ರಿಂದ 20ನೆಯ ವಾರದ ಸ್ಕ್ಯಾನಿನಲ್ಲಿ ಹೃದಯದ ನಾಲ್ಕು ಕೋಣೆಗಳನ್ನೂ ಮಹಾನಾಳಗಳನ್ನೂ ನೋಡಬಹುದು. ಗಂಭೀರ ದೋಷ ಕಂಡರೆ ಹೆರಿಗೆಯನ್ನೇ ಹೃದ್ರೋಗ ಚಿಕಿತ್ಸೆಯಿರುವ ಊರಿನಲ್ಲಿ ಮಾಡಿಸಿಕೊಳ್ಳುವ ಏರ್ಪಾಡಾಗುತ್ತದೆ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಬರುವ ಹೃದ್ರೋಗಗಳ ಪೈಕಿ ನಮ್ಮಲ್ಲಿ ಇನ್ನೂ ಕಾಡುತ್ತಿರುವುದು ರುಮ್ಯಾಟಿಕ್ ಜ್ವರದ್ದು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಹೋದ ಎರಡರಿಂದ ನಾಲ್ಕು ವಾರಗಳ ಮೇಲೆ, ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಜ್ವರದ ಜೊತೆಗೆ ದೊಡ್ಡ ಕೀಲುಗಳು ಊದಿಕೊಳ್ಳುತ್ತವೆ. ಇಂದು ಮೊಣಕಾಲು, ನಾಡಿದ್ದು ಕಣಕಾಲು, ಆಮೇಲೆ ಮೊಣಕೈ ಎಂದು ನೋವು ಜಾಗ ಬದಲಿಸುತ್ತದೆ. ಕೀಲು ವಾಸಿಯಾಗುತ್ತದೆ, ಹೃದಯದ ಕವಾಟ ಮಾತ್ರ ಹಾಳಾಗಿ ಉಳಿಯುತ್ತದೆ. ಒಮ್ಮೆ ಬಂದ ಮಗುವಿಗೆ ಮತ್ತೆ ಬರದಂತೆ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ನೋವಿನ ಚುಚ್ಚುಮದ್ದು, ಮಗು ಅಳುತ್ತದೆ, ನೋಡಲು ಆರೋಗ್ಯವಾಗಿಯೂ ಇರುತ್ತದೆ. ಹಾಗಾಗಿ ನಿಲ್ಲಿಸಿಬಿಡುವವರು ಹೆಚ್ಚು. ನಿಲ್ಲಿಸಿದವರಲ್ಲಿ ಜ್ವರ ಮರುಕಳಿಸಿ ಪ್ರತಿ ಸಲವೂ ಕವಾಟ ಇನ್ನಷ್ಟು ಕೆಡುತ್ತದೆ.

ಐದು ದಿನಕ್ಕೂ ಹೆಚ್ಚು ಬಿಡದ ಜ್ವರ, ಪಿಸುರಿಲ್ಲದ ಕೆಂಗಣ್ಣು, ಬಿರಿದ ಕೆಂದುಟಿ, ಮೈಮೇಲೆ ಕೆಂಪು ದದ್ದು, ಅಂಗೈ ಅಂಗಾಲು ಊತ ಇದ್ದರೆ ಕವಾಸಾಕಿ ಕಾಯಿಲೆಯನ್ನು ನೆನೆಯಬೇಕು. 1967ರಲ್ಲಿ ಜಪಾನಿನ ವೈದ್ಯ ತೊಮಿಸಾಕು ಕವಾಸಾಕಿ ವಿವರಿಸಿದ ಈ ರೋಗದಲ್ಲಿ ಹೃದಯಕ್ಕೇ ರಕ್ತ ಕೊಡುವ ನಾಳಗಳು ಉಬ್ಬಿಕೊಳ್ಳುವ ಅಪಾಯವಿದ್ದು, ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಪ್ರತಿಕಾಯಗಳ ಔಷಧಿ ಕೊಟ್ಟರೆ ಅಪಾಯ ಬಹಳ ಇಳಿಯುತ್ತದೆ. ಎದೆ ಎಣಿಸಲಾಗದಷ್ಟು ವೇಗವಾಗಿ ಬಡಿದುಕೊಳ್ಳುವುದು, ಓಡುವಾಗ ಎಚ್ಚರ ತಪ್ಪಿ ಬೀಳುವುದು, ಇವು ಬಡಿತದ ಲಯದ ದೋಷಗಳ ಗುರುತು. ಆಡುತ್ತ ಆಡುತ್ತ ಎಚ್ಚರ ತಪ್ಪಿದ ಮಗುವಿಗೆ ಇಸಿಜಿ ಮಾಡಿಸದೆ ಬಿಡಬಾರದು. ಇನ್ನೊಂದು ಕಡೆ, ಬೆಳೆಯುವ ಮಕ್ಕಳಲ್ಲಿ ಅನೇಕರ ಎದೆಯಲ್ಲಿ ಕೇಳುವ ಮರ್ಮರ ಸದ್ದು ಏನೂ ತೊಂದರೆಯಿಲ್ಲದ್ದು. ವೈದ್ಯರು ಹಾಗೆಂದು ಖಚಿತಪಡಿಸಿದ ಮೇಲೆ ಆ ಮಗುವನ್ನು ರೋಗಿಯಂತೆ ಸಾಕಬಾರದು.

ಸಂಶಯ ಬಂದರೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರಿಗೆ ಉತ್ತರ ದೂರವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಜನ್ಮಜಾತ ಹೃದ್ರೋಗವೂ ರುಮ್ಯಾಟಿಕ್ ಹೃದ್ರೋಗವೂ ಅವರ ಪಟ್ಟಿಯಲ್ಲಿವೆ, ಕಂಡುಬಂದ ಮಗುವಿನ ಚಿಕಿತ್ಸೆಯ ದಾರಿಯನ್ನೂ ಆ ಕಾರ್ಯಕ್ರಮವೇ ಮಾಡಿಕೊಡುತ್ತದೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿಟ್ಟುಕೊಳ್ಳಬಾರದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ, 2001ರಿಂದ ಉಚಿತವಾಗಿ ಚಿಕಿತ್ಸೆ ನೀಡುತ್ತಿರುವ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಮಕ್ಕಳ ಹೃದಯಕ್ಕೆ ಚಿಕಿತ್ಸೆ ಮಾಡುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುವುದರಿಂದ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ರೇಷನ್ ಕಾರ್ಡ್, ಆಧಾರ್, ತಾಯಿ ಕಾರ್ಡ್, ಹಿಂದಿನ ಎಲ್ಲ ಚೀಟಿಗಳನ್ನು ಒಯ್ದರೆ ಒಂದು ಕೂಲಿಯ ದಿನವಾದರೂ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯ ಸರದಿಗೆ ಕಾಯುವ ತಿಂಗಳುಗಳಲ್ಲಿ ಮನೆಯ ಆರೈಕೆಯೇ ಅರ್ಧ ಚಿಕಿತ್ಸೆ. ಶ್ವಾಸಕೋಶದ ನೀರು ಇಳಿಸುವ ಔಷಧಿಯನ್ನು ಚಮಚದಲ್ಲಿ ಅಂದಾಜಿಗೆ ಕೊಡದೆ ಸಿರಿಂಜಿನಲ್ಲಿ ಅಳೆದು ಕೊಡಬೇಕು. ಪ್ರಮಾಣವನ್ನು ತೂಕದ ಮೇಲೆ ಲೆಕ್ಕ ಹಾಕುವುದರಿಂದ ಮಗು ಬೆಳೆದಂತೆ ವೈದ್ಯರಲ್ಲಿ ಕೇಳಿ ಬದಲಿಸಿಕೊಳ್ಳಬೇಕು. ಚೀಪಲು ದಣಿಯುವ ಕೂಸಿಗೆ ಎದೆಹಾಲನ್ನು ಹಿಂಡಿ ಒಳಲೆಯಲ್ಲಿ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕುಡಿಸಬೇಕು, ಆರು ತಿಂಗಳಾದ ಮೇಲೆ ರಾಗಿ ಸರಿಗೆ ತುಪ್ಪ ಬೆರೆಸಿ ಗಟ್ಟಿಯಾಗಿ ತಿನ್ನಿಸಬೇಕು. ಹೃದಯದ ಮಗು ಎಂದು ಚುಚ್ಚುಮದ್ದು ತಪ್ಪಿಸುವುದು ದೊಡ್ಡ ತಪ್ಪು. ನ್ಯುಮೋನಿಯಾ ತಡೆಯುವ ಲಸಿಕೆ ಇವರಿಗೇ ಹೆಚ್ಚು ಅಗತ್ಯ. ಹಲ್ಲಿನ ಸೋಂಕು ರಕ್ತದ ಮೂಲಕ ಹೃದಯಕ್ಕೆ ಇಳಿಯಬಲ್ಲದು. ನಮ್ಮ ಕಡೆ ಫ್ಲೋರೈಡ್ ನೀರಿನಿಂದ ಹಲ್ಲಿನಲ್ಲಿ ಕಲೆಯಿರುವ ಮಕ್ಕಳು ಬಹಳ, ಆ ಕಲೆಯಿಂದ ಹೃದಯಕ್ಕೆ ಭಯವಿಲ್ಲ, ಹುಳುಕಿನಿಂದ ಇದೆ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೃದಯದ ವಿಷಯ ಹೇಳಬೇಕು.

ಚಿಕಿತ್ಸೆಯಾದ ಮಕ್ಕಳಲ್ಲಿ ಹೆಚ್ಚಿನವರು ಓದುತ್ತಾರೆ, ಆಡುತ್ತಾರೆ, ಎಲ್ಲರಂತೆ ಬದುಕುತ್ತಾರೆ. ಹೆಣ್ಣುಮಗುವಾದರೆ ಎದೆಯ ಗಾಯದ ಗುರುತನ್ನು ಮುಚ್ಚಿಟ್ಟು, ಆಸ್ಪತ್ರೆಯ ಫೈಲನ್ನೂ ಎಸೆದುಬಿಡುವ ಮನೆಗಳಿವೆ. ಫ್ಯಾಲೋಟನ ದೋಷ ಸರಿಪಡಿಸಿದವರಲ್ಲಿ ಎಷ್ಟೋ ವರ್ಷಗಳ ಮೇಲೆ ಶ್ವಾಸಕೋಶದ ಕವಾಟ ಸೋರಬಹುದು, ಆದ್ದರಿಂದ ಆರೋಗ್ಯವಾಗಿದ್ದರೂ ತಪಾಸಣೆ ಮುಂದುವರಿಯಬೇಕು. ಆ ಹುಡುಗಿ ಮುಂದೆ ಗರ್ಭಿಣಿಯಾದಾಗ ಮೊದಲ ತಿಂಗಳಲ್ಲೇ ವೈದ್ಯರಿಗೆ ತೋರಿಸಬೇಕಾದ ಕಾಗದ ಆ ಫೈಲಿನಲ್ಲಿರುವ ಶಸ್ತ್ರಚಿಕಿತ್ಸೆಯ ವಿವರ; ಅದರ ಒಂದು ಪ್ರತಿಯನ್ನು ತವರಿನಲ್ಲಿಯೂ ಇನ್ನೊಂದನ್ನು ಅವಳ ಕೈಯಲ್ಲಿಯೂ ಇಡಬೇಕು.